ತಾರಸಿ ವಾರಂಟಿ: ಬಕೆಟ್ ಮೇಲಿನ ಹತ್ತು ವರ್ಷ ನಿಮ್ಮದಾಗಬೇಕಾದರೆ

ಪ್ರಶ್ನೆ: ಹದಿನೈದು ವರ್ಷದ ಆರ್‌ಸಿಸಿ ಮನೆ, ತಾರಸಿ 1,200 ಚದರ ಅಡಿ. ಮಳೆಗಾಲಕ್ಕೆ ಮೊದಲು ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಬೇಕು. ಡೀಲರ್ ಹತ್ತು ವರ್ಷದ ವಾರಂಟಿ ಇದೆ ಎನ್ನುತ್ತಾರೆ. ಪರಿಚಯದ ಪೇಂಟರ್ ಕಡಿಮೆ ಕೂಲಿಗೆ ಮಾಡಿಕೊಡುತ್ತಾನೆ. ಆಗಲೂ ವಾರಂಟಿ ಸಿಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಸಿಕ್ಕರೂ ಅರ್ಧ ಮಾತ್ರ. ಸಾಮಾನ್ಯವಾಗಿ ಬೇರೆಯವರು ಹೊಡೆದ ಕೋಟಿಂಗ್‌ಗೆ ಕಂಪನಿ ಕೊಡುವುದು ಬರೀ ಮಾಲಿನ ವಾರಂಟಿ. ಸೋರಿದರೆ ಹೊಸ ಬಕೆಟ್ ಬಂದೀತು. ಹಳೆಯದನ್ನು ಕೆರೆದು ಮತ್ತೆ ಹೊಡೆಯುವ ಕೂಲಿ ನಿಮ್ಮದೇ. ಮಾಲು, ಕೂಲಿ ಎರಡೂ ಸೇರಿದ ವಾರಂಟಿ ಬೇಕಿದ್ದರೆ ಕಂಪನಿಯ ಅಧಿಕೃತ ಅಪ್ಲಿಕೇಟರ್ (ಕೋಟಿಂಗ್ ಹೊಡೆಯಲು ಕಂಪನಿಯೇ ಒಪ್ಪಿದ ಕೆಲಸಗಾರ) ಕೈಯಲ್ಲೇ ಕೆಲಸ ಆಗಬೇಕು.

ಅಡ್ವಾನ್ಸ್ ಕೊಡುವ ಮುಂಚೆ ವಾರಂಟಿಯ ಷರತ್ತುಗಳನ್ನು ಬರವಣಿಗೆಯಲ್ಲಿ ತರಿಸಿಕೊಂಡು ಓದಿ. ಪರಿಹಾರ ಹತ್ತು ವರ್ಷವೂ ಪೂರ್ತಿಯೇ, ವರ್ಷಕ್ಕಿಷ್ಟು ಇಳಿಯುತ್ತದೆಯೇ? ಕೆಲಸ ಮುಗಿದ ಎಷ್ಟು ದಿನದೊಳಗೆ ನೋಂದಣಿ ಆಗಬೇಕು? ಅಪ್ಲಿಕೇಟರ್ ತೋರಿಸುವ ಸರ್ಟಿಫಿಕೇಟ್ ನೀವು ಆರಿಸಿದ ಮಾಲಿಗೇ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ಕಂಪನಿಯ ಗ್ರಾಹಕ ಸೇವೆಗೇ ಫೋನ್ ಮಾಡಿ ಕೇಳಿ. ಡೀಲರ್ ಮಾತು ಇಲ್ಲಿ ಸಾಲದು. ಅಪ್ಲಿಕೇಟರ್ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುವಂತಿಲ್ಲ ಎಂದೂ ಒಪ್ಪಂದದಲ್ಲಿ ಬರೆಸಿ.

ಹೆಚ್ಚಿನ ಕೋಟಿಂಗ್‌ಗಳು ಕೆಡುವುದು ತೆಳುವಾಗಿ ಹೊಡೆಯುವುದರಿಂದ. ಲೆಕ್ಕ ನೀವೇ ಹಾಕಿ. ಎರಡು ಕೋಟ್ ಸೇರಿ ಲೀಟರಿಗೆ 10 ಚದರ ಅಡಿ ಎಂದು ಕಂಪನಿ ಕೊಡುವ ಮಾಲಿನ ವಿವರದ ಹಾಳೆ, ಅಂದರೆ ಡೇಟಾ ಶೀಟ್‌ನಲ್ಲಿದ್ದರೆ ನಿಮ್ಮ ತಾರಸಿಗೆ 120 ಲೀಟರ್, ಅಂದರೆ 20 ಲೀಟರಿನ 6 ಬಕೆಟ್. ಪ್ಯಾರಾಪೆಟ್ ಮೇಲೆ ಒಂದಡಿ ಏರಿಸಿ ಹೊಡೆಯುವುದಕ್ಕೆ ಇನ್ನಷ್ಟು ಬೇಕು. ನಾಲ್ಕೇ ಬಕೆಟ್ ಬಂದಿದ್ದರೆ ಉಳಿದದ್ದು ನಲ್ಲಿ ನೀರು. ನೀರು ಹೆಚ್ಚು ಬೆರೆಸಿದ ಪದರ ಒಣಗಿದ ಮೇಲೆ ತೆಳ್ಳಗಾಗಿ, ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವಾಗ ಬಿರುಕಿನ ಜಾಗದಲ್ಲೇ ಸೀಳುತ್ತದೆ. ಸೀಲ್ ನಿಮ್ಮೆದುರೇ ಒಡೆಯಲಿ. ಬ್ಯಾಚ್ ನಂಬರ್, ತಯಾರಿಕೆಯ ತಾರೀಖು ಸ್ಪಷ್ಟವಾಗಿ ಕಾಣುವಂತೆ ಪ್ರತಿ ಬಕೆಟ್‌ನ ಫೋಟೋ ತೆಗೆಯಿರಿ. ಎಣಿಕೆ ಮುಗಿಯುವ ತನಕ ಖಾಲಿ ಬಕೆಟ್ ಆಚೆ ಹೋಗಬಾರದು.

ಕೋಟಿಂಗ್ ಬಿದ್ದ ಮೇಲೆ ಒಳಗಿನದೇನೂ ಕಾಣುವುದಿಲ್ಲ, ಆದ್ದರಿಂದ ಹಂತ ಹಂತಕ್ಕೂ ಫೋಟೋ ಬೇಕು: ಪಾಚಿ ಕೆರೆದು ತೊಳೆದ ಮೇಲೆ, ಬಿರುಕನ್ನು ‘ವಿ’ ಆಕಾರಕ್ಕೆ ಬಿಡಿಸಿ ಪಾಲಿಮರ್ ಗಾರೆ ತುಂಬಿದಾಗ, ಗೋಡೆ ತಾರಸಿ ಸೇರುವ ಮೂಲೆಗೆ ಕೋವಿಂಗ್ ಮಾಡಿ (ಗಾರೆಯಿಂದ ದುಂಡಗಾಗಿಸಿ) ಫೈಬರ್ ಮೆಶ್ (ನಾರಿನ ಜಾಲರಿ) ಕೂರಿಸಿದಾಗ, ಮೊದಲ ಕೋಟ್ ಆದಾಗ, ಅದಕ್ಕೆ ಅಡ್ಡಲಾಗಿ ಎರಡನೆಯದು ಬಿದ್ದಾಗ.

ಡೇಟಾ ಶೀಟ್ ಹೇಳಿದಷ್ಟು ದಿನ ಒಣಗಿದ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿಸಿ. ಪೈಪುಗಳ ಬಾಯಿ ಮುಚ್ಚಿ ಸುಮಾರು 25 ಮಿಲಿಮೀಟರ್ ನೀರನ್ನು 48 ಗಂಟೆ ಬಿಟ್ಟು, ಪ್ಯಾರಾಪೆಟ್ ಮೇಲೆ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಅಗಲ ಬೇಸಿನ್‌ನಲ್ಲೂ ಅಷ್ಟೇ ಎತ್ತರಕ್ಕೆ ನೀರಿಡಿ. ಬಿಸಿಲಿಗೆ ಆರಿದ್ದೆಷ್ಟು, ಇಂಗಿದ್ದೆಷ್ಟು ಎಂಬುದರ ಅಂದಾಜು ಸಿಗುತ್ತದೆ. ಕೆಳಗಿನ ಸೀಲಿಂಗ್ ಫೋಟೋ ತೆಗೆದು, ಫಲಿತಾಂಶ ಬರೆದ ಹಾಳೆಗೆ ಅಪ್ಲಿಕೇಟರ್ ಸಹಿ ಹಾಕಿಸಿಕೊಂಡ ಮೇಲೇ ಕೊನೆಯ ಕಂತು ಕೊಡಿ. ಜಿಎಸ್‌ಟಿ ಬಿಲ್‌ನಲ್ಲಿ ಮಾಲಿನ ಪೂರ್ತಿ ಹೆಸರು, ತಾರಸಿಯ ಅಳತೆ, ಮನೆಯ ವಿಳಾಸ ಇರಲೇಬೇಕು.

ಇನ್ನೊಂದು ಮಾತು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೋಲಾರ್ ಹಾಕಿಸುವ ಯೋಚನೆಯಿದ್ದರೆ ಸ್ಟ್ಯಾಂಡಿನ ಕಾಂಕ್ರೀಟ್ ಪೀಠಗಳನ್ನು ಮೊದಲು ಕಟ್ಟಿಸಿ, ಆಮೇಲೆ ಕೋಟಿಂಗ್ ಹೊಡೆಸಿ. ಕೋಟಿಂಗ್ ಮೇಲೆ ಡ್ರಿಲ್ ಬಿಟ್ಟರೆ ಆ ಜಾಗದ ವಾರಂಟಿ ಅಲ್ಲಿಗೇ ಮುಗಿಯಿತು ಎಂದುಕೊಳ್ಳಿ. ಡಿಶ್ ಆಂಟೆನಾಗೂ ಇದೇ ಮಾತು.

ಪ್ರಶ್ನೆ: ತಾರಸಿ ಮೇಲೆ ಕಲರ್ ಶೀಟ್ ಹಾಕಿಸುತ್ತಿದ್ದೇವೆ. ಮನೆ ಸಮುದ್ರಕ್ಕೆ ಹತ್ತಿರ. ವಾರಂಟಿಗೆ ಏನು ನೋಡಬೇಕು?
– ಓದುಗರು, ಕುಂದಾಪುರ

ಉತ್ತರ: ಮೊದಲು ದೂರ. ಸಮುದ್ರದಿಂದ ಇಂತಿಷ್ಟು ದೂರದೊಳಗೆ ವಾರಂಟಿ ಇಲ್ಲ, ಅಥವಾ ಕಡಿಮೆ ಅವಧಿಗೆ ಮಾತ್ರ ಎಂಬ ಷರತ್ತು ಇರುವುದುಂಟು. ನಿಮ್ಮ ವಿಳಾಸಕ್ಕೇ ವಾರಂಟಿ ಪತ್ರ ಕೇಳಿ. ಶೀಟಿನ ಹಿಂಬದಿಯಲ್ಲಿ ಅಚ್ಚಾಗಿರುವ ಕಂಪನಿ ಹೆಸರು, ದಪ್ಪ, ಲೇಪನದ ವಿವರ (ಎಜೆಡ್ 150 ಎಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಅಲ್ಯುಮಿನಿಯಂ-ಸತು ಲೇಪನ) ಬಿಲ್‌ಗೆ ತಾಳೆಯಾಗಬೇಕು. ಶೀಟ್ ಮೇಲೇರುವ ಮುಂಚೆಯೇ ಫೋಟೋ ತೆಗೆದುಬಿಡಿ.

ಗ್ರೈಂಡರ್‌ನಲ್ಲಿ ಕತ್ತರಿಸಲು ಬಿಡಬೇಡಿ. ಬಿಸಿ ಕಿಡಿ ಬಣ್ಣಕ್ಕೆ ಕಚ್ಚಿಕೊಂಡು ಒಂದೆರಡು ಮಳೆಗೇ ಕಂದು ಚುಕ್ಕೆಗಳೇಳುತ್ತವೆ, ಅಂಚಿನ ಲೇಪನವೂ ಸುಡುತ್ತದೆ. ಸ್ಕ್ರೂ ಬಿಗಿಯನ್ನು ವಾಷರ್ ನೋಡಿ ತಿಳಿಯಬಹುದು: ರಬ್ಬರ್ ತಗಡಿನ ತಟ್ಟೆಯ ಅಂಚಿಗೆ ಸಮನಾಗಿ ಕೂತಿದ್ದರೆ ಸರಿ, ಹೊರಗೆ ಉಬ್ಬಿ ಬಂದಿದ್ದರೆ ಅತಿಯಾಯಿತು, ಬೆರಳಲ್ಲಿ ತಿರುಗಿದರೆ ಸಡಿಲ. ಮಳೆನೀರು ತಾಗದ ಸೂರಿನ ಕೆಳಭಾಗದಲ್ಲಿ ಉಪ್ಪು ಕೂರುತ್ತದೆ. ಷರತ್ತಿನಲ್ಲಿ ಹೇಳಿದಷ್ಟು ಸಲ ಸಿಹಿನೀರಲ್ಲಿ ತೊಳೆದು, ತಾರೀಖು ಬರೆದಿಡಿ.

ಪ್ರಶ್ನೆ: ಮೂರನೇ ವರ್ಷಕ್ಕೇ ಸೋರುತ್ತಿದೆ. ಡೀಲರ್ ಫೋನ್ ಎತ್ತುತ್ತಿಲ್ಲ.
– ಓದುಗರು, ತುಮಕೂರು

ಉತ್ತರ: ಬೇರೆಯವರಿಂದ ರಿಪೇರಿ ಮಾಡಿಸಬೇಡಿ, ಸಾಕ್ಷಿ ಅಳಿಯುತ್ತದೆ, ಸದ್ಯಕ್ಕೆ ಟಾರ್ಪಾಲ್ ಹೊದಿಸಿ. ವಾರಂಟಿ ಪತ್ರ, ಬಿಲ್, ಫೋಟೋ ಸೇರಿಸಿ ಕಂಪನಿಗೆ ಇಮೇಲ್ ಹಾಗೂ ಸ್ಪೀಡ್ ಪೋಸ್ಟ್ ಎರಡರಲ್ಲೂ ದೂರು ಕಳಿಸಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವಿದೆ. ಮೊದಲು ಸೋರಿದ ತಾರೀಖನ್ನು ಇವತ್ತೇ ಬರೆದಿಡಿ.