ರಾಬಿನ್ ಹುಡ್: ದಿ ಲೆಜೆಂಡ್ ಆಫ್ ಶೇರ್‌ವುಡ್ ಆಟವನ್ನು ಯಾರನ್ನೂ ಕೊಲ್ಲದೆ ಗೆಲ್ಲಬಹುದೇ?

ಬಹುಮಟ್ಟಿಗೆ ಗೆಲ್ಲಬಹುದು, ಜಾಣತನವೂ ಅದೇ. ಜರ್ಮನಿಯ ಸ್ಪೆಲ್‌ಬೌಂಡ್ ಸಂಸ್ಥೆ 2002ರಲ್ಲಿ ತಂದ ಈ ಕಂಪ್ಯೂಟರ್ ತಂತ್ರದಾಟದಲ್ಲಿ ಹೆಣಗಳು ಹೆಚ್ಚಿದಷ್ಟೂ ನಿಮ್ಮ ತಂಡ ಸೇರಲು ಬರುವವರು ಕಡಿಮೆಯಾಗುತ್ತಾರೆ. ಹಾಗಾಗಿ ರಾಬಿನ್‌ನ ಬಿಲ್ಲಿಗಿಂತ ಅವನ ಹಣದ ಚೀಲವೇ ಮೇಲು. ಅದನ್ನು ಬೀದಿಗೆಸೆದು ಗೋಡೆಯ ಮರೆಯಲ್ಲಿ ನಿಲ್ಲಿ: ನಾಟಿಂಗ್‌ಹ್ಯಾಮ್‌ನ ಕಾವಲು ಸಿಪಾಯಿಗಳು ನಾಣ್ಯ ಹೆಕ್ಕಲು ಮುಗಿಬಿದ್ದು ತಮ್ಮತಮ್ಮಲ್ಲೇ ಗುದ್ದಾಡುತ್ತಾರೆ. ಕೊನೆಗೆ ಉಳಿದವನನ್ನು ಹಿಂದಿನಿಂದ ಹೋಗಿ ಒಂದೇ ಗುದ್ದಿಗೆ ಮಲಗಿಸಬಹುದು. ದೊಡ್ಡ ಗುಂಪಾದರೆ ರಾಬಿನ್‌ನ ತಂಡದ ಸನ್ಯಾಸಿ ಫ್ರೈಯರ್ ಟಕ್ ಕಣಜದ ಗೂಡನ್ನೇ ಎಸೆಯುತ್ತಾನೆ (ಸನ್ಯಾಸಿಗೆ ತಕ್ಕ ಕೆಲಸವಂತೂ ಅಲ್ಲ). ಮೌಸ್‌ನಲ್ಲಿ ಗೆರೆ ಎಳೆದು ಕತ್ತಿ ಬೀಸುವುದು ಖುಷಿ ಕೊಡುತ್ತದೆ, ನಿಜ. ಆದರೆ ಅನಿವಾರ್ಯವಾದಾಗ ಮಾತ್ರ ಸಾಕು. ಕಾರ್ಯಾಚರಣೆಗೆ ಎಲ್ಲರನ್ನೂ ಕರೆದೊಯ್ಯಬೇಡಿ. ಕಾಡಿನ ಬಿಡಾರದಲ್ಲಿ ಉಳಿದವರು ಮುಂದಿನ ಸುತ್ತಿಗೆ ಬಾಣಗಳನ್ನು ಮಾಡಿಡುತ್ತಾರೆ.