ಬೇಸಿಗೆಯ ವೇಳಾಪಟ್ಟಿ ಚಳಿಗಾಲಕ್ಕೆ ಹೊಂದುವುದಿಲ್ಲ

ಜನಸಂದಣಿಯಿಲ್ಲದ ಪರ್ವತಶ್ರೇಣಿಗೆ ಚಳಿಗಾಲದಲ್ಲಿ ನಾಲ್ಕು ದಿನ ಹೋಗುತ್ತಿದ್ದೇವೆ, ಬೇಸಿಗೆಯ ವೇಳಾಪಟ್ಟಿಯನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಹಗಲು ಚಿಕ್ಕದು, ಹಿಮದಲ್ಲಿ ನಡಿಗೆ ನಿಧಾನ. ದಿನದ ದೂರವನ್ನು ಅರ್ಧಕ್ಕೆ ಇಳಿಸಿ, ಒಂದು ದಿನವನ್ನು ಕೆಟ್ಟ ಹವಾಮಾನಕ್ಕೆಂದೇ ಖಾಲಿ ಬಿಡಿ.

ತಪ್ಪಲಿನ ಊರಿನ ಮುನ್ಸೂಚನೆ ನೋಡಿ ಬಟ್ಟೆ ತುಂಬಿಕೊಳ್ಳಬೇಡಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಗಾಳಿಯ ಕೊರೆತ ಬೇರೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ನಿಮ್ಮ ದಾರಿ ಸಮತಟ್ಟಾಗಿದ್ದರೂ ಅಂತಹ ಇಳಿಜಾರಿನ ಬುಡದಲ್ಲಿ ಹಾದುಹೋದರೆ ಅಪಾಯ ತಪ್ಪಿದ್ದಲ್ಲ. ನಕ್ಷೆಯಲ್ಲಿ ಇದನ್ನು ಮೊದಲೇ ಗುರುತಿಸಿಕೊಳ್ಳಿ.

ವಸತಿಗೃಹ ತೆರೆದಿದೆಯೇ, ರಸ್ತೆಯ ಹಿಮ ತೆಗೆಯುತ್ತಾರೆಯೇ ಎಂದು ಫೋನ್ ಮಾಡಿಯೇ ಕೇಳಿ. ಜಾಲತಾಣಗಳ ನಗುಮುಖದ ಚಿತ್ರಗಳೆಲ್ಲ ಬೇಸಿಗೆಯವು!

ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮಂಜುಗಡ್ಡೆ ಈಗ ಮೇಲಿರುವ ಬಾಟಲಿಯ ತಳದ ಕಡೆ ಕಟ್ಟಿಕೊಳ್ಳುತ್ತದೆ, ಮುಚ್ಚಳ ಸುಲಭವಾಗಿ ತೆರೆಯುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಮೊಬೈಲ್ ಮೈಗೆ ತಾಗುವ ಒಳಜೇಬಿನಲ್ಲಿರಲಿ. ಅಂತಹ ಕಡೆ ಸಿಗ್ನಲ್ ನಂಬುವಂತಿಲ್ಲ. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಮನೆಯವರಿಗೆ ಬರೆದು ಕೊಟ್ಟೇ ಹೊರಡಿ.