ಸೊನ್ನೆಯನ್ನೂ ಬರೆದಿಡಿ

ಪ್ರಶ್ನೆ: ಮೇಡಂ, ನಾನು ಗೋಣಿಕೊಪ್ಪದ ಹತ್ತಿರದವಳು. ಈ ವರ್ಷ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ಕಾಫಿ ತೋಟದ ನೆರಳಿನ ಮರಗಳು ನನ್ನ ವಿಷಯ. ಗೈಡ್ ‘ಮೊದಲು ಓದಿ’ ಎಂದರು. ಐದು ತಿಂಗಳಿಂದ ಓದುತ್ತಲೇ ಇದ್ದೇನೆ, ಒಂದು ಸಾಲೂ ಬರೆದಿಲ್ಲ. ಸೆಮಿನಾರಿನಲ್ಲಿ ಉಳಿದವರು ಪಟಪಟ ಇಂಗ್ಲಿಷ್ ಮಾತಾಡುತ್ತಾರೆ. ಮೊದಲ ವರ್ಷ ನಿಜಕ್ಕೂ ಏನು ಮಾಡಬೇಕು? ಮುಂದೆ ಲೆಕ್ಚರರ್ ಕೆಲಸ ಸಿಗುತ್ತದಾ? (ಹೆಸರು ಬೇಡ)

ಉತ್ತರ: ನಿಮ್ಮ ಮನೆಯಲ್ಲಿ ರೈನ್‌ಗೇಜ್ ಇರಬೇಕಲ್ವಾ? ಅಪ್ಪನೋ ಅಜ್ಜನೋ ಬೆಳಿಗ್ಗೆ ಹೋಗಿ ನೀರು ಅಳೆದು, ಇಂಚು-ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಕೊಡಗಿನಲ್ಲಿ ಇಬ್ಬರು ಸಿಕ್ಕರೆ ಊಟ ಆಯ್ತಾ ಅನ್ನುವ ಮೊದಲೇ ‘ನಿಮ್ಮಲ್ಲಿ ಎಷ್ಟು ಸೆಂಟು ಬಂತು?’ ಅಂತ ಕೇಳುವುದು. ಆ ಡೈರಿಯನ್ನು ಒಮ್ಮೆ ತೆರೆದು ನೋಡಿ. ಮಳೆ ಬಾರದ ದಿನದ ಎದುರು ಸೊನ್ನೆ ಇರುತ್ತದೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಜ್ಜ ಮದುವೆಗೆ ಹೋಗಿದ್ದರೋ ಗೊತ್ತಾಗುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಂದು ಇಡೀ ಮಳೆಗಾಲ ಕಳೆದುಕೊಂಡ ಮೇಲೆ. ಆಗ ನಾನು ಒಂದು ದೇವರಕಾಡಿನಲ್ಲಿ ಧೂಪದ ಮರದ ಸಸಿ ಎಣಿಸುತ್ತಿದ್ದೆ. ಕಾಲಿಗೆ ಜಿಗಣೆ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಇಂಕಿನ ಪೆನ್ನು. ಸಸಿ ಕಂಡ ಕಡೆ ಸಂಖ್ಯೆ ಬರೆದೆ, ಕಾಣದ ಕಡೆ ಸುಮ್ನೆ ಬಿಟ್ಟೆ. ಎಂಟು ತಿಂಗಳ ನಂತರ ಲೆಕ್ಕ ಹಾಕಲು ಕೂತರೆ ಪುಸ್ತಕದ ತುಂಬ ಖಾಲಿ ಚೌಕ. ಅಲ್ಲಿ ಸಸಿ ಇರಲಿಲ್ಲವಾ, ಆ ದಿನ ನಾನು ಹೋಗಲೇ ಇಲ್ಲವಾ? ದೇವರಾಣೆ ನೆನಪಿಲ್ಲ. ಬರೆದದ್ದರಲ್ಲೂ ಅರ್ಧ ನೀರು ತಾಗಿ ನೀಲಿ ಮೋಡ ಆಗಿತ್ತು. ಮುಂದಿನ ಜುಲೈಯಲ್ಲಿ ಮೊದಲಿನಿಂದ ಎಣಿಸಿದೆ, ಪೆನ್ಸಿಲ್ ಹಿಡಿದುಕೊಂಡು. ಪೆನ್ಸಿಲ್ ಮಳೆಗೆ ಹರಡುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಗಾಗಿ ಮೊದಲ ವರ್ಷದ ಕೆಲಸ ದಿನಾ ಬರೆಯುವುದು. ಓದಿ ಮುಗಿಸಿ ಬರೆಯೋಣ ಅಂದರೆ ಓದು ಮುಗಿಯುವುದೇ ಇಲ್ಲ. ಒಂದು ಪೇಪರ್ ಓದಿದರೆ ನಾಲ್ಕು ಸಾಲು: ಇವರು ಏನು ಕೇಳಿದರು, ಎಲ್ಲಿ, ಹೇಗೆ ಎಣಿಸಿದರು, ನನಗೆ ಯಾವುದು ನಂಬಿಕೆ ಬರಲಿಲ್ಲ. ಕನ್ನಡದಲ್ಲೇ ಬರೆಯಿರಿ, ಯಾರು ಕೇಳುತ್ತಾರೆ? ಏನೂ ಸಿಗದ ದಿನ ‘ಇವತ್ತು ಏನೂ ಸಿಗಲಿಲ್ಲ’ ಅಂತ ಬರೆಯಿರಿ. ಆಮೇಲೆ ಶೋಧಗಂಗಾ ವೆಬ್‌ಸೈಟಿಗೆ ಹೋಗಿ ನಿಮ್ಮ ವಿಷಯದ ಎರಡು ಮೂರು ಪ್ರಬಂಧ ಇಳಿಸಿಕೊಳ್ಳಿ. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಪಾಸಾದ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಒಂದಾದರೂ ಸಾಧಾರಣವಾದದ್ದು ಇರಲಿ. ಓದಿದರೆ ಧೈರ್ಯ ಬರುತ್ತದೆ.

ಗೈಡ್ ಕರೆಯಲಿ ಅಂತ ಕಾಯಬೇಡಿ. ಹದಿನೈದು ದಿನಕ್ಕೊಮ್ಮೆ ಎರಡು ಪುಟ ಹಿಡಿದು ನೀವೇ ಹೋಗಿ, ಅರೆಬೆಂದದ್ದಾದರೂ ಸರಿ. ಮಾತಾಡಿದ್ದನ್ನು ಅದೇ ಸಂಜೆ ಮೇಲ್ ಮಾಡಿ: ‘ಸರ್, ಇವತ್ತು ಹೀಗೆ ತೀರ್ಮಾನ ಆಯಿತು’. ಮುಂದೆ ‘ನಾನು ಹಾಗೆ ಹೇಳಿಯೇ ಇಲ್ಲ’ ಅನ್ನುವ ಜಗಳ ಇರುವುದಿಲ್ಲ.

ನಿಯಮ ಗೊತ್ತಿರಲಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಕೋರ್ಸ್‌ವರ್ಕಿಗೆ ಕನಿಷ್ಠ 12 ಕ್ರೆಡಿಟ್, ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 6. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷದ ವಿನಾಯಿತಿ ಉಂಟು. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಕೂರಬೇಕು. ಅದನ್ನು ಪರೀಕ್ಷೆ ಅಂದುಕೊಳ್ಳದೆ, ತಲೆ ಕೆಡಿಸಿದ ಪ್ರಶ್ನೆಯನ್ನೇ ಅಲ್ಲಿ ಇಡಿ. ಇನ್ನು ‘ಮೂರೇ ದಿನದಲ್ಲಿ ಪೇಪರ್ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ’ ಅನ್ನುವ ಮೇಲ್ ಬರುತ್ತವೆ. ಅಳಿಸಿಬಿಡಿ.

ಇಂಗ್ಲಿಷ್ ಬರುತ್ತದೆ ಬಿಡಿ. ಪಟಪಟ ಮಾತಾಡುವವರಲ್ಲಿ ಎಷ್ಟು ಜನ ತೋಟದಲ್ಲಿ ಮರ ಗುರುತಿಸುತ್ತಾರೆ? ನಿಮ್ಮಲ್ಲಿ ಮರಗಸಿಗೆ (ನೆರಳಿನ ಮರದ ಕೊಂಬೆ ಸವರಲು) ಬರುವವರ ಹತ್ತಿರ ಹೋಗಿ, ನಿಮ್ಮ ವಿಷಯ ಏನು ಅಂತ ಐದು ನಿಮಿಷ ಹೇಳಿ ನೋಡಿ. ಸಿಲ್ವರ್ ಓಕ್ ಜಾಸ್ತಿ ಆದ ಮೇಲೆ ಏನು ಬದಲಾಯಿತು ಅಂತ ಕೇಳಿ. ಅವರಿಗೆ ಅರ್ಥ ಆಗುವಂತೆ ಹೇಳಿದರೆ ಸೆಮಿನಾರಿನ ಅರ್ಧ ಕೆಲಸ ಮುಗಿಯಿತು. ಅವರಿಂದ ನಿಮಗೊಂದು ಹೊಸ ಪ್ರಶ್ನೆಯೂ ಸಿಕ್ಕೀತು.

ಲೆಕ್ಚರರ್ ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಲ್ಲ, ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾದರೂ ನಡೆಯುತ್ತದೆ. ಆದ್ದರಿಂದ ನೆಟ್ ಬರೆಯದಿದ್ದರೆ ಓದಿನ ಬಿಸಿ ಇರುವಾಗಲೇ ಬರೆದುಬಿಡಿ. ಪಾಠ ಮಾಡುವ ಅವಕಾಶ ಸಿಕ್ಕರೆ ಬಿಡಬೇಡಿ. ಹಾಗೆಯೇ ಪೊನ್ನಂಪೇಟೆಯ ಅರಣ್ಯ ಕಾಲೇಜು, ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಗಳ ಕಡೆ ಹೋಗಿ ಬನ್ನಿ. ಕ್ಲಾಸ್‌ರೂಮಿನ ಆಚೆ ಪಿಎಚ್‌ಡಿ ಆದವರು ಏನು ಮಾಡುತ್ತಾರೆ ಅಂತ ಕಣ್ಣಾರೆ ಕಾಣುತ್ತದೆ.

ಪ್ರಶ್ನೆ: ಮಗ ಪಿಎಚ್‌ಡಿಗೆ ಸೇರಿ ಎರಡು ವರ್ಷ ಆಯಿತು. ಜೆಆರ್‌ಎಫ್ ಅಂತ ಸಂಶೋಧನೆಗೆ ತಿಂಗಳ ಫೆಲೋಶಿಪ್ ಬರುತ್ತದೆ ಅನ್ನುತ್ತಾನೆ. ‘ಯಾವಾಗ ಮುಗಿಯುತ್ತದೆ?’ ಅಂದರೆ ಸಿಟ್ಟು ಮಾಡುತ್ತಾನೆ. ಏನು ಮಾಡಲಿ? (ಸೋಮವಾರಪೇಟೆಯ ತಂದೆ)

ಉತ್ತರ: ಆ ಪ್ರಶ್ನೆ ಕೇಳಬೇಡಿ ಸ್ವಾಮಿ! ಅವನಿಗೂ ಗೊತ್ತಿಲ್ಲ, ಅದಕ್ಕೇ ಸಿಟ್ಟು. ದುಡ್ಡಿನ ಚಿಂತೆಯಾದರೆ, 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸ ಚೆನ್ನಾಗಿದೆ ಅಂತ ಸಮಿತಿ ಒಪ್ಪಿದರೆ ಎಸ್‌ಆರ್‌ಎಫ್, ಅಂದರೆ ಅದರ ಮೇಲಿನ ಹಂತದ ಫೆಲೋಶಿಪ್, 42,000. ನಿಮ್ಮ ಮಗನಿಗೆ ಆ ಪರಿಶೀಲನೆ ಈಗಲೇ ಬರುವ ಹೊತ್ತು. ಸಿಟ್ಟಿಗೆ ಅದೂ ಕಾರಣ ಇರಬಹುದು. ಕಾಫಿ ಕುಯ್ಲಿಗೆ ಕರೆಯಿರಿ, ಖಂಡಿತ ಬರುತ್ತಾನೆ. ತಾರೀಕು ಮಾತ್ರ ಒಂದು ತಿಂಗಳು ಮೊದಲೇ ಹೇಳಿ.